ಕೈ ಬಿಡು ಎಂದವನು ನಾನೇ

ಕಾಳಾ, ಅಂದು ಕೈ ಬಿಡು ಎಂದವನು ನಾನೇ. ಬಾಯಿಬಿಟ್ಟು ಹೇಳಲಿಲ್ಲ — ತೊಡೆಯ ಮೇಲೆ ಎರಡು ಸಲ ತಟ್ಟಿದೆ. ನೀನು ಬಿಟ್ಟೆ. ಆಮೇಲೆ ಎಲ್ಲರ ಮುಂದೆ, ನಾನು ತಟ್ಟಲೇ ಇಲ್ಲ ಎಂದೆ. ಇಷ್ಟನ್ನು ಹೇಳಲು ನನಗೆ ಎಂಟು ವರ್ಷ ಬೇಕಾಯಿತು, ಅದೂ ನೀನು ಕೇಳಿಸಿಕೊಳ್ಳಲಾಗದ ಕಡೆಗೆ ಹೋದ ಮೇಲೆ. ನನ್ನಂಥ ಹೇಡಿಗೆ ಇದೇ ಸುಲಭವಾಯಿತೋ ಏನೋ.

ನಾಗಮಂಗಲದ ಕಮ್ಮಾರಕೇರಿಯ ನಾವು ಏಳು ಜನ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ದೇವಲಾಪುರದ ಗೌಡರ ತಂಡದೊಂದಿಗೆ ಕೆರೆಯಂಗಳದಲ್ಲಿ ಚೆಡುಗುಡು ಆಡುತ್ತಿದ್ದೆವು. ಆಡುತ್ತಿದ್ದೆವು ಅನ್ನುವುದಕ್ಕಿಂತ ಸೋಲುತ್ತಿದ್ದೆವು ಅನ್ನುವುದೇ ಸರಿ. ಅವರದು ಹೊಲದಲ್ಲಿ ಉತ್ತು ಓಡಾಡಿದ ಕಾಲು. ನಮ್ಮದು ಕುಲುಮೆಯ ಹೊಗೆ ಕುಡಿದ ಎದೆ. ‘ಚೆಡುಗುಡು ಚೆಡುಗುಡು’ ಎನ್ನುತ್ತಾ ಅವರ ಗೆರೆ ದಾಟುವಷ್ಟರಲ್ಲಿ ದಮ್ಮು ಮುಗಿದಿರುತ್ತಿತ್ತು. ತೋಳಿನಲ್ಲೇನೋ ಕಸುವಿತ್ತು. ಆದರೆ ಒಬ್ಬೊಬ್ಬನೇ ಹಿಡಿಯಲು ಹೋಗಿ ಒಬ್ಬೊಬ್ಬನೇ ಮಣ್ಣು ಮುಕ್ಕುತ್ತಿದ್ದೆವು.

ಎರಡನೆಯ ವರ್ಷ ಸೋತ ಮೇಲೆ ಉಪಾಯ ಹೂಡಿದವನು ನಾನು. ತಂಡದ ಮುಂದಾಳೂ ನಾನೇ. ಕುಲುಮೆಯಲ್ಲಿ ದೊಡ್ಡಾಚಾರಿಯವರು ಚಿಕ್ಕ ಸುತ್ತಿಗೆಯಿಂದ ಕಾದ ಕಬ್ಬಿಣದ ಮೇಲಲ್ಲದೆ ಬರಿಯ ಅಡಿಗಲ್ಲಿನ ಮೇಲೆ ಎರಡು ಸಲ ತಟ್ಟಿದರೆ, ಸಮ್ಮಟಿಗೆ ಹೊಡೆಯುವವನು ಯಾಕೆ ಎಂದು ಕೇಳದೆ ಕೈ ತಡೆಯಬೇಕು. ತಡೆಯದಿದ್ದರೆ ಇಕ್ಕಳ ಹಿಡಿದು ಕೂತವನ ಬೆರಳು ಹೋಗುತ್ತದೆ. ಅದನ್ನೇ ಆಟಕ್ಕೆ ತಂದೆ. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಲ್ಲೋಣ. ತುದಿಯಲ್ಲಿರುವ ನಾನು ತೊಡೆಯ ಮೇಲೆ ಒಂದು ಸಲ ತಟ್ಟಿದರೆ ಹಿಡಿಯಬೇಕು, ಎರಡು ಸಲ ತಟ್ಟಿದರೆ ಬಿಡಬೇಕು. ಹುಟ್ಟಿದಾಗಿನಿಂದ ಆ ಸದ್ದಿಗೆ ಒಗ್ಗಿದ ಮೈ ನಮ್ಮದು. ಪುಟ್ಟಾಚಾರಿಯ ತಲೆಯೇ ತಲೆ ಎಂದರು ಎಲ್ಲರೂ. ನಾನೂ ಉಬ್ಬಿಹೋದೆ.

ಮೂರನೆಯ ವರ್ಷ ಗೆಲುವು ಕೈಗೆ ಬಂದಿತ್ತು. ನಮ್ಮ ಕಡೆ ಆಟದಲ್ಲಿ ಉಳಿದಿದ್ದವರು ನಾವಿಬ್ಬರು, ಅವರ ಕಡೆ ಬೋರೇಗೌಡ ಒಬ್ಬನೇ. ಅವನು ಉಸಿರು ಹಿಡಿದು ನುಗ್ಗಿದ. ನಾನು ಒಂದು ಸಲ ತಟ್ಟಿದೆ. ನೀನು ಒಂದು ಕೈಯಿಂದ ಅವನ ಸೊಂಟ ಬಳಸಿದೆ, ಇನ್ನೊಂದು ನನ್ನ ಕೈಯಲ್ಲಿತ್ತು. ಅವನ ದಮ್ಮು ಕಡಿಯುತ್ತಿತ್ತು — ಇನ್ನೇನು ಮುಗಿಯಿತು ಅನ್ನುವಾಗ ಅವನು ಆ ದೊಡ್ಡ ಮೈಯನ್ನು ನನ್ನ ಮೇಲೆ ಎಸೆದ. ಮೊಣಕೈ ನನ್ನ ಕಣ್ಣಿನ ನೇರಕ್ಕೆ ಬಂತು. ನನಗೆ ಭಯವಾಯಿತು. ಅಷ್ಟೇ. ಕೈ ತಾನಾಗಿ ತೊಡೆಗೆ ಎರಡು ಸಲ ಬಡಿಯಿತು — ತಾನಾಗಿ ಅನ್ನುವುದೂ ಸುಳ್ಳೇ, ಬಡಿದದ್ದು ನಾನು. ನೀನು ಯಾಕೆ ಎಂದು ಕೇಳಲಿಲ್ಲ. ಬಿಟ್ಟೆ. ಅವನು ಗೆರೆ ಮುಟ್ಟಿದ, ನಾವು ಸೋತೆವು.

ಅಂದು ಸಂಜೆ ಕುಲುಮೆಯ ಮುಂದೆ ಸೇರಿದೆವು. ‘ಬರೋ ವರ್ಸಕ್ಕೆ ಏನೇನ್ ಸರಿ ಮಾಡ್ಕಬೇಕು, ಯೋಳ್ರಲಾ,’ ಎಂದರು ದೊಡ್ಡಾಚಾರಿಯವರು. ಒಬ್ಬ ದಮ್ಮು ಬೆಳೆಸಬೇಕು ಎಂದ. ಒಬ್ಬ ಸುಗ್ಗಿಗೆ ಮುಂಚೆಯೇ ಓಟ ಶುರುಮಾಡಬೇಕು ಎಂದ. ಇನ್ನೊಬ್ಬ, ಬಡಗಿಗಳ ಕೇರಿಯಿಂದ ಕಾಲು ಚುರುಕಿರುವವನೊಬ್ಬನನ್ನು ಕರೆತರೋಣ ಎಂದ. ಎಲ್ಲವೂ ಸರಿಯಾದ ಮಾತೇ. ಕೊನೆಗೆ ದೊಡ್ಡಾಚಾರಿಯವರು ನನ್ನ ಕಡೆ ತಿರುಗಿದರು.

‘ಅವೆಲ್ಲ ಆಮ್ಯಾಕೆ,’ ಎಂದೆ. ‘ಇಡ್ದ ಕೈ ಬುಡೋನ್ನ ಮೊದ್ಲು ಬುಡ್ಬೇಕು.’

‘ಅಣ್ಣ, ನೀನೇ ಎರಡ್ ಸಲ ತಟ್ಟಿದ್ದಲ್ವಾ?’ ಎಂದೆ ನೀನು. ನಗುತ್ತಲೇ ಕೇಳಿದೆ, ನಾನು ಮರೆತಿದ್ದೇನೆಂದು ನೀನು ಅಂದುಕೊಂಡಿದ್ದೆ.

‘ನಾನೆಲ್ಲಿ ತಟ್ಟಿದ್ನೋ? ಸುಳ್ಳಾಡ್ಬ್ಯಾಡ ಕಣ್ಲಾ.’

ಜನರ ಕೂಗಾಟದಲ್ಲಿ ಆ ಸದ್ದು ನಿನ್ನ ಹೊರತು ಯಾರಿಗೂ ಕೇಳಿಸಿರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹಾಗೆಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ದೂರಿದಳು. ನಾನು ಒಡಹುಟ್ಟಿದವನಂತಿದ್ದ ನಿನ್ನನ್ನು ದೂರಿದೆ.

ಆಟದಿಂದ ಬಿಡಿಸಿದ್ದು ಸಣ್ಣ ಮಾತು. ತಟ್ಟದೆಯೇ ತಟ್ಟಿದ್ದು ಕೇಳಿತು ಅನ್ನುವವನ ಸಮ್ಮಟಿಗೆಯ ಕೆಳಗೆ ಇಕ್ಕಳ ಹಿಡಿದು ಕೂರಲು ಯಾರಿಗೂ ಧೈರ್ಯವಾಗಲಿಲ್ಲ. ದೊಡ್ಡಾಚಾರಿಯವರು ನಿನ್ನನ್ನು ತಿದಿ ಒತ್ತಲು ಕೂರಿಸಿದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಕಬ್ಬಿಣ ಬಲ್ಲವನು ನೀನು, ಒಂದು ಮಳೆಗಾಲವಿಡೀ ಗಾಳಿ ಊದಿದೆ. ಆಮೇಲೆ ಸುಲ್ತಾನರ ಪಟ್ಟಣದ ಕೋಟೆಯಲ್ಲಿ ಕಮ್ಮಾರರು ಬೇಕಂತೆ ಎಂದು ಹೊರಟುಹೋದೆ. ಹೋಗುವಾಗ ನಾನು ದಾರಿಯಲ್ಲಿ ಎದುರಾದೆ. ಒಂದು ಮಾತು ಸಾಕಿತ್ತು — ಆಡಲಿಲ್ಲ.

ಮುಂದಿನ ವರ್ಷ ಅಂದುಕೊಂಡದ್ದನ್ನೆಲ್ಲ ಮಾಡಿದೆವು. ದಮ್ಮು ಬೆಳೆಯಿತು, ಕಾಲು ಹಗುರಾಯಿತು, ಬಡಗಿಯೂ ಬಂದ. ಹಿಂದೆಂದಿಗಿಂತ ಹೀನಾಯವಾಗಿ ಸೋತೆವು. ನಾನು ತಟ್ಟಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಪ್ಪಿದರೆ ತನ್ನ ತಲೆಗೆ ಬರುತ್ತದೆಂಬ ಭಯ ಎಲ್ಲರಿಗೂ. ಆ ತಂಡದಲ್ಲಿ ಸರಿಮಾಡಬೇಕಾಗಿದ್ದು ಒಂದೇ, ನನ್ನನ್ನು ತೆಗೆಯುವುದು. ಅದು ಗೊತ್ತಿದ್ದವನು ನಾನೊಬ್ಬನೇ.

ಈ ಬೇಸಿಗೆಯಲ್ಲಿ ಪರಂಗಿಯವರ ದಾಳಿಗೆ ಪಟ್ಟಣ ಬಿತ್ತು. ಹಿರೋಡೆಯ ಕಮ್ಮಾರನೊಬ್ಬ ಸುದ್ದಿ ತಂದ: ಕೋಟೆಗೋಡೆ ಒಡೆದ ದಿನ ನೀನು ಒಳಗೇ ಇದ್ದೆಯಂತೆ, ನಿನ್ನನ್ನು ಮಣ್ಣು ಮಾಡಿದವರಲ್ಲಿ ಅವನೂ ಒಬ್ಬನಂತೆ. ಅವನು ಹೋದ ಮೇಲೆ ಕುಲುಮೆಯಲ್ಲಿ ಎಲ್ಲರೆದುರು ನಿಜ ಹೇಳಿದೆ. ‘ಬುಡಣ್ಣೋ, ರಾಜ್ಯವೇ ಮುಳುಗೋಗದೆ, ನೀನಿನ್ನೂ ಚೆಡುಗುಡು ಅಂತೀಯಲ್ಲ,’ ಎಂದರು. ಕ್ಯಾಕರಿಸಿ ಉಗಿದಿದ್ದರೆ ಎಷ್ಟೋ ಮೇಲಿತ್ತು.

ನಿನ್ನ ತಿಥಿ ಕಳೆದ ಮೇಲೆ ನಿಮ್ಮ ಮನೆಗೆ ಹೋದೆ. ನಿನ್ನ ಅವ್ವ ರಾಗಿ ಕೇರುತ್ತಿದ್ದಳು.

‘ಅವ್ವ, ಅವತ್ತು ತಟ್ಟಿದ್ದು ನಾನೇ. ಕಾಳ ನಿಜ ಯೋಳಿದ್ದ.’

ಅವಳು ಮೊರ ಕೆಳಗಿಟ್ಟಳು. ‘ಒಂಟೋಗೋ ದಿವ್ಸ ಇದೇ ಬಾಗ್ಲಲ್ಲಿ ನಿಂತ್ಕಂಡು ಅಂಗೇ ಅಂದ ಕಣಪ್ಪ. ನೀನಾದ್ರೂ ನಂಬವ್ವ ಅಂದ. ಪುಟ್ಟಾಚಾರಿ ಯಾಕ್ಲಾ ಸುಳ್ಳಾಡ್ತಾನೆ, ಓಗಿ ಅವನ ಕಾಲಿಗ್ ಬೀಳೋಗು ಅಂತ ಬೈದ್ಬುಟ್ಟೆ. ಉಣ್ದೇ ಒಂಟೋದ.’

ನನಗೆ ಒಂದು ಮಾತೂ ಅನ್ನಲಿಲ್ಲ, ಕಾಳಾ. ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ಅತ್ತಳು, ನನ್ನ ಮಾತು ನಂಬಿದ್ದಕ್ಕೆ.