ಹೊಸ ಸೀರೆ ತರುವ ಚಿಟ್ಟೆ ಮತ್ತು ದೇವಯ್ಯನ ನಿಂಬೆ ಪಾತಿ

ಹರದನಹಳ್ಳಿಯಲ್ಲಿ ಕೋಳಿ ಕೂಗಿ ಮುಗಿದಿಲ್ಲ, ದೇವಯ್ಯ ಆಗಲೇ ನಿಂಬೆ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬೈಯಲು ಶುರು ಮಾಡಿದ್ದಾರೆ. ಎಡಗೈಯಲ್ಲಿ ಬೂದಿ ನೀರಿನ ಕುಡಿಕೆ, ಬಲಗೈ ಎಲೆಯ ಅಡಿಗೆ. ಎಲೆ ಮಗುಚುತ್ತಾರೆ, ಏನನ್ನೋ ಹೆಕ್ಕಿ ಕುಡಿಕೆಗೆ ಹಾಕುತ್ತಾರೆ, ಬೈಯುತ್ತಾರೆ, ಮುಂದಿನ ಸಸಿಗೆ ಸರಿಯುತ್ತಾರೆ. ಭರಣಿ ಮಳೆ ಹದವಾಗಿ ಬಿದ್ದು ಮೊಣಕಾಲುದ್ದದ ಸಸಿಗಳೆಲ್ಲ ಚಿಗುರಿವೆ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಚಿಗುರಿನ ಹಿಂದೆ ಚಿಟ್ಟೆ, ಚಿಟ್ಟೆಯ ಹಿಂದೆ ಹುಳ ಎಂದು ಬಲ್ಲ ದೇವಯ್ಯನವರಿಗೆ ಚಿಗುರು ಕಂಡರೂ ಸಿಟ್ಟು.

ಪಕ್ಕದ ಸಾಲಿನಲ್ಲಿ ಕೂಲಿಗೆ ಬಂದ ಬೆಟ್ಟಮ್ಮನಿಗೂ ಇದೇ ಕೆಲಸ. ಆಕೆ ದಾಟಿ ಬಂದ ಸಾಲನ್ನು ದೇವಯ್ಯ ಮತ್ತೆ ನೋಡುತ್ತಾರೆ. ಎಲೆಯ ಮೇಲೆ ಕಂದು ಮೈಗೆ ಬಿಳಿ ಬಳಿದಂಥದ್ದೊಂದು ಅಂಟಿಕೊಂಡಿದೆ.

"ಇದ್ಯಾಕವ್ವ ಬಿಟ್ಟಿದ್ದೀಯ?"

"ಅದು ಹಕ್ಕಿ ಇಕ್ಕೆ ಅಲ್ವಾ ದೇವಣ್ಣ? ಅದನ್ನೂ ನಾನೇ ಬಳೀಬೇಕಾ?"

"ಇಕ್ಕೆಗೆ ಕಾಲಿರ್ತಾವೇನವ್ವಾ? ಸರ್ಯಾಗ್ ನೋಡು, ನಡೀತಾ ಐತೆ!"

ಈ ಮಾತು ನಿನ್ನೆಯೂ ಆಗಿತ್ತು, ಮೊನ್ನೆಯೂ ಆಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೆ ಬೆಟ್ಟಮ್ಮನನ್ನು ಪೂರ್ತಿ ದೂರುವಂತೆಯೂ ಇಲ್ಲ. ಚಿಟ್ಟೆ ಎಳೆ ಎಲೆಗೆ ಸಾಸಿವೆಗಿಂತ ದೊಡ್ಡದಲ್ಲದ ಹಳದಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಅದರಿಂದ ಬಂದ ಮರಿ ಹುಳ ಥೇಟು ಹಕ್ಕಿಯ ಹಿಕ್ಕೆ. ಹಕ್ಕಿಗಳೇ ಮೋಸಹೋಗಿ ಅದನ್ನು ಮುಟ್ಟುವುದಿಲ್ಲ. ತಿಂದು, ಪೊರೆ ಬಿಟ್ಟು, ಮತ್ತೆ ತಿಂದು, ಕಡೆಗೊಂದು ಪೊರೆ ಬಿಟ್ಟಾಗ ಕಿರುಬೆರಳಿನಷ್ಟಾಗಿ ಎಲೆಯ ಹಸಿರೇ ಆಗಿಬಿಡುತ್ತದೆ. ಆಗ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಚಾಚುತ್ತದೆ, ಗಬ್ಬು ನಾತ ಬಿಡುತ್ತದೆ. ದೇವಯ್ಯನವರ ಬೆರಳಿಗೆ ಆ ನಾತ ಹತ್ತಿ ಎಷ್ಟು ಮಳೆಗಾಲವಾಯಿತೋ. ಮಣ್ಣು ಹಾಕಿ ತಿಕ್ಕಿದರೂ ಮುದ್ದೆ ಮುರಿಯುವಾಗ ಮೂಗಿಗೆ ಬರುತ್ತದೆ.

"ಉಂಬಕ್ಕೆ ಕೂತ್ರೆ ನನ್ನೆಡ್ತಿ ಅಂಗೇ ಮಾರುದ್ದ ಸರ್ಕೊತಾಳೆ" ಎನ್ನುತ್ತಾರೆ. ನಗುವುದಿಲ್ಲ.

ಹುಳ ಹಿಡಿಯುವುದು ಅವರು ಬೇಡಿ ಪಡೆದ ಕೆಲಸ ಎಂದರೆ ನಂಬುವುದು ಕಷ್ಟ. ಅದಕ್ಕೂ ಮೊದಲು ರಾಮನಾಥಪುರದ ಕಡೆ ಹೊಗೆಸೊಪ್ಪು ಒಣಗಿಸುವ ಗೂಡಿನಲ್ಲಿ ಬೆಂಕಿ ಕಾಯುತ್ತಿದ್ದರು. ಹಗಲೂ ರಾತ್ರಿ ಒಲೆಯ ಬಾಯಲ್ಲಿ ಕೂತು ಎದೆ ಕೆಟ್ಟಿತು. ಕೆಮ್ಮಿದರೆ ಬಾಗಿದ ಬೆನ್ನು ಮೇಲೇಳುತ್ತಿರಲಿಲ್ಲ. ಹೆಂಡತಿ ಸಣ್ಣಕ್ಕ ಒಂದು ದಿನ ಬುತ್ತಿ ತಂದವಳು ಬುತ್ತಿಯ ಜೊತೆಗೆ ಗಂಡನನ್ನೂ ವಾಪಸು ಕರೆದುಕೊಂಡು ಬಂದಳು. ಹರದನಹಳ್ಳಿಯ ಜಮೀನ್ದಾರ ಪುಟ್ಟಸ್ವಾಮಿಗೌಡರ ಬಾವಿಯ ಪಕ್ಕ ಪಾಳು ಬಿದ್ದಿದ್ದ ಮೂಲೆಯನ್ನು ಕೇಳಿ, ಕಲ್ಲು ಆರಿಸಿ, ನಿಂಬೆ ಬೀಜ ಹಾಕಿದ್ದು ಆಮೇಲೆ. ಈಗ ಹಾಸನದ ಸುತ್ತ, ಅರಕಲಗೂಡಿನ ಸುತ್ತ ಎಷ್ಟೋ ಹಿತ್ತಿಲ ನಿಂಬೆ ಗಿಡ ಈ ಪಾತಿಯಿಂದ ಹೋದದ್ದು. ಆ ಮನೆಗಳಲ್ಲಿ ಉಪ್ಪಿನಕಾಯಿ ನೆಂಚಿಕೊಳ್ಳುವ ಯಾರಿಗೂ ದೇವಯ್ಯನ ಹೆಸರು ಗೊತ್ತಿಲ್ಲ.

ಈ ವರ್ಷ, ೧೯೫೯ರಲ್ಲಿ, ಆ ಪಾತಿಗೇ ಕುತ್ತು ಬಂದಿದೆ. ಹೋದ ಮಳೆಗಾಲದಲ್ಲಿ ಸಸಿ ಕೊಳ್ಳಲು ಚನ್ನರಾಯಪಟ್ಟಣದಿಂದ ಗಾಡಿ ಕಟ್ಟಿಕೊಂಡು ಬಂದವರು ಹುಳ ಬೋಳಿಸಿದ ಸಸಿ ನೋಡಿ ಬರಿಗಾಡಿ ಹೊಡೆದುಕೊಂಡು ಹೋದರು. ಹುಳಕ್ಕೆಂದು ಗೌಡರು ಎಲ್ಲಿಂದಲೋ ತಂದ ಪುಡಿ ಹೊಡೆದರೆ ಚಿಗುರೇ ಸುಟ್ಟು ಕರಿಕಾಯಿತು. ಹೊಗೆಸೊಪ್ಪಿಗೆ ಈಗ ಒಳ್ಳೆಯ ಕಾಲ. ಗೌಡರು ಹೇಳಿಬಿಟ್ಟಿದ್ದಾರೆ: ಇವತ್ತು ಬಂದು ನೋಡುತ್ತೇನೆ, ಸಸಿ ಬೋಳಾಗಿದ್ದರೆ ಸೋಮವಾರ ನೇಗಿಲು ಹೂಡಿಸಿ ಹೊಗೆಸೊಪ್ಪು ನೆಡಿಸುತ್ತೇನೆ, ನೀನು ಗೂಡಿನ ಬೆಂಕಿ ನೋಡಿಕೊ.

"ಸಸಿ ಓದ್ರೆ ಇನ್ನೊಂದ್ಸಲ ಬೀಜ ಆಕ್ಬೋದು" ಎನ್ನುತ್ತಾರೆ ದೇವಯ್ಯ. "ಎದೆ ಓದ್ರೆ ಎಲ್ಲಿ ತರಾನ?"

ಇಷ್ಟಾದರೂ ಅವರ ಸಿಟ್ಟು ಗೌಡರ ಮೇಲಲ್ಲ, ಹುಳದ ಮೇಲೂ ಅಲ್ಲ. ಹುಳ ಪಾಪ, ತಿನ್ನುವುದಕ್ಕೇ ಹುಟ್ಟಿದೆ. ಸಿಟ್ಟೆಲ್ಲ ಚಿಟ್ಟೆ ಮೈಮೇಲೆ ಕೂತರೆ ಹೊಸ ಸೀರೆ ಬರುತ್ತದೆ ಎಂಬ ಮಾತಿನ ಮೇಲೆ. ಬೆಟ್ಟಮ್ಮ, ಮಾರಮ್ಮ, ಕೆಲಸಕ್ಕೆ ಬರುವ ಹೆಣ್ಣಾಳುಗಳೆಲ್ಲ ಅದನ್ನು ನಂಬಿದ್ದಾರೆ. ಬಿಸಿಲೇರಿ ಚಿಟ್ಟೆ ಬಂತೋ, ಕೈಯಲ್ಲಿದ್ದ ಕುಡಿಕೆ ಕೆಳಗಿಟ್ಟು ಸೆರಗು ಹರಡಿ ಅಲ್ಲಾಡದೆ ನಿಲ್ಲುತ್ತಾರೆ. ಓಡಿಸುವ ಮಾತಿರಲಿ, ಕೆಮ್ಮುವುದೂ ಇಲ್ಲ. ಕಪ್ಪು ಮೈಗೆ ಬಿಳಿ ಚುಕ್ಕೆಯ ಸಾಲಿಟ್ಟುಕೊಂಡ ಆ ಮಹಾರಾಯಿತಿ ಸೆರಗಿನ ಮೇಲೆ ಕೂರುವುದಿಲ್ಲ. ಸಸಿಯಿಂದ ಸಸಿಗೆ ಹೋಗಿ, ಬಾಲ ಬಗ್ಗಿಸಿ, ಒಂದೊಂದೇ ಮೊಟ್ಟೆ ಇಟ್ಟು ನಡೆಯುತ್ತದೆ. ಕಾಯಬೇಕಾದವರೇ ಕರೆದು ಕೂರಿಸುತ್ತಾರೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

"ಅದು ಸೀರೆ ತರಕಿಲ್ಲ ಕಣ್ರವ್ವಾ, ಮೊಟ್ಟೆ ಇಕ್ತದೆ!" ಎಂದು ದೇವಯ್ಯ ಕೂಗಿಕೊಳ್ಳುತ್ತಾರೆ.

"ಓದ್ ಯುಗಾದೀಲಿ ನನ್ಮೇಲೆ ಕೂತಿತ್ತು, ಸೀರೆ ಬಂತು" ಎನ್ನುತ್ತಾಳೆ ಮಾರಮ್ಮ.

ಯುಗಾದಿಗೆ ಸೀರೆ ಬರದೆ ಇನ್ನೇನು ಬರುತ್ತದೆ? ಆದರೆ ಮಾರಮ್ಮನಿಗೆ ಹೇಳುವವರು ಯಾರು?

ಗೌಡರು ಬರುವ ಹೊತ್ತಾಗುತ್ತಿದೆ. ಬಾವಿಯ ಕಡೆಯ ಸಾಲೊಂದು ನಿನ್ನೆಯೇ ಬೋಳಾಗಿದೆ. ಅದನ್ನು ಹೇಗೆ ಮರೆಮಾಡುವುದೆಂದು ನೋಡಲು ಹೋದ ದೇವಯ್ಯನವರಿಗೆ ಅಲ್ಲೊಂದು ಕಾಂಡದಲ್ಲಿ ಕೋಶ ಕಾಣುತ್ತದೆ. ತಿಂದು ಸಾಕಾದ ಹುಳ, ತೆಂಗಿನ ಮರ ಹತ್ತುವವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡಂತೆ, ಒಂದೆಳೆ ನೂಲಿನಲ್ಲಿ ತನ್ನನ್ನು ಕಾಂಡಕ್ಕೆ ಕಟ್ಟಿಕೊಂಡು ಕೋಶವಾಗುತ್ತದೆ. ಕಂಡದ್ದನ್ನು ಹೊಸಕುವುದು ಅವರ ರೂಢಿ. ಇದನ್ನೂ ಕಿತ್ತು ಅಂಗೈಗೆ ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಅದು ಬಿರಿಯುತ್ತದೆ.

ಮೊದಲು ತಲೆ, ಆಮೇಲೆ ನಡುಗುವ ಕಾಲು. ಒದ್ದೆ ಬಟ್ಟೆ ಹಿಂಡಿಟ್ಟಂತೆ ಮುದುರಿದ ರೆಕ್ಕೆ. ಅದು ಅವರ ಹೆಬ್ಬೆರಳನ್ನು ಹತ್ತಿ ತಲೆ ಮೇಲಾಗಿ ನೇತುಬೀಳುತ್ತದೆ. ಹೊಟ್ಟೆ ಒಳಗೊಳಗೇ ಒತ್ತುತ್ತಿದ್ದಂತೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ದೇವಯ್ಯನವರಿಗೆ ತಮ್ಮ ಮೇಲೆಯೇ ಕೋಪ ಬರುತ್ತದೆ. ಎಲೆ ತಿನ್ನುವ ಬಾಯಿಯೇ ಇಲ್ಲದ್ದನ್ನು ಹೇಗೆ ಹೊಸಕುವುದು?

"ಥೂ, ಇವತ್ತೇ ಉಟ್ಬೇಕಾಗಿತ್ತಾ ನೀನು? ಅದೂ ನನ್ ಕೈಲಿ?" ಎಂದು ಗದರುತ್ತ ಅದನ್ನು ಬೇಲಿಯ ಗೂಟದ ಮೇಲೆ ಬಿಸಿಲಿಗೆ ಬಿಡುತ್ತಾರೆ.

ಗೌಡರು ಬರುತ್ತಾರೆ. ಜೊತೆಗೆ ಹೆಂಡತಿ ಪುಟ್ಟತಾಯಮ್ಮ. ಮಗಳು ಜಯಲಕ್ಷ್ಮಮ್ಮನ ಮದುವೆಯ ಮಾತು ಎಲ್ಲಿಯೂ ಕುದುರದೆ ಆಯಮ್ಮ ಸೊರಗಿದ್ದಾರೆ. ಗೌಡರ ಕಣ್ಣು ನೇರ ಬೋಳು ಸಾಲಿಗೇ ಹೋಗುತ್ತದೆ. ತುಂಬಿ ನಿಂತ ಉಳಿದ ಸಾಲುಗಳ ಕಡೆ ತಿರುಗುವುದೇ ಇಲ್ಲ.

"ಏನ್ಲಾ ದೇವಯ್ಯ, ನಾನೇಳ್ಲಿಲ್ವಾ? ಸೋಮವಾರ ನೇಗಿಲು ಹೂಡ್ಸೋದೇಯ."

"ಬುದ್ಧಿ, ಅದೊಂದ್ ಸಾಲೇಯ. ಮಿಕ್ಕಿದ್ದ..." ದೇವಯ್ಯನವರಿಗೆ ಕೆಮ್ಮು ಬಂದು ಮಾತು ಅಲ್ಲೇ ನಿಲ್ಲುತ್ತದೆ.

ಆಗ ಗೂಟದ ಮೇಲಿದ್ದದ್ದು ಏಳುತ್ತದೆ. ಮೊದಲ ಹಾರಾಟ, ಎತ್ತ ಹೋಗಬೇಕೆಂದು ಅದಕ್ಕೇ ತಿಳಿಯದು. ತೂರಾಡಿಕೊಂಡು ಬಂದು ಪುಟ್ಟತಾಯಮ್ಮನವರ ಹೆಗಲ ಮೇಲೆ ಕೂರುತ್ತದೆ.

"ಯಾರೂ ಅಲ್ಲಾಡ್ಬ್ಯಾಡಿ!" ಎನ್ನುತ್ತಾರೆ ಆಯಮ್ಮ. "ಹೊಸ ಸೀರೆ ಕಣ್ರೀ. ಮದ್ವೆ ಸೀರೆ! ಇದು ಎಲ್ಲಿಂದ ಬಂತು ದೇವಯ್ಯ?"

"ಇಲ್ಲೇ ಉಟ್ತು ಕಣವ್ವಾ. ಈ ಪಾತೀಲೇಯ."

ಪುಟ್ಟತಾಯಮ್ಮ ಗಂಡನ ಕಡೆ ನೋಡುತ್ತಾರೆ. "ಮಗೀಗೆ ಒಳ್ಳೇ ಸೂಚ್ನೆ ಕೊಟ್ಟ ಜಾಗಕ್ಕೆ ನೇಗಿಲು ಹಾಕ್ತೀರಾ? ಇದು ಹಿಂಗೇ ಇರ್ಲಿ."

ಗೌಡರು ಹೊಗೆಸೊಪ್ಪಿನ ಬಗ್ಗೆ ಏನೋ ಅನ್ನಲು ಹೋಗಿ, ಹೆಂಡತಿಯ ಮುಖ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಆಯ್ತು, ಇರ್ಲಿ ಬುಡು."

ಮಳೆಯೆನ್ನದೆ ಚಳಿಯೆನ್ನದೆ ಬೆನ್ನು ಬಗ್ಗಿಸಿ ದುಡಿದ ಕೈಯ ಮಾತಿಗೆ ಇಲ್ಲದ ಬೆಲೆ ಒಂದು ಗಳಿಗೆ ಹೆಗಲ ಮೇಲೆ ಕೂತ ಚಿಟ್ಟೆಗೆ ಸಿಕ್ಕಿತು. ದೇವಯ್ಯನವರಿಗೆ ಕಣ್ಣು ಒದ್ದೆಯಾಗುತ್ತದೆ. ಅದು ನೆಮ್ಮದಿಗೋ ಹೊಟ್ಟೆಯ ಉರಿಗೋ ಅವರಿಗೇ ಗೊತ್ತಿಲ್ಲ. ಕೈ ಮುಗಿಯುತ್ತಾರೆ. ಅಷ್ಟರಲ್ಲಿ ಹೊರಟಿದ್ದ ಪುಟ್ಟತಾಯಮ್ಮ ತಿರುಗಿ ನಿಲ್ಲುತ್ತಾರೆ.

"ನೋಡು ದೇವಯ್ಯ, ಇವತ್ತಿಂದ ಇಲ್ಲಿ ಒಂದು ಚಿಟ್ಟೆನೂ ಓಡಿಸ್ಬ್ಯಾಡ. ನಿನ್ನಾಣೆ."

"ಆಗ್ಲಿ ಕಣವ್ವಾ" ಎನ್ನದೆ ಬೇರೆ ದಾರಿಯಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಟ್ಟಮ್ಮ, ಮಾರಮ್ಮ ಆಗಲೇ ಸೆರಗು ಹರಡಿ ನಿಂತಾಗಿದೆ. ಬಾವಿಯ ಕಡೆಯಿಂದ ಇನ್ನೊಂದು ಚಿಟ್ಟೆ ಬಂದು ತುಂಬು ಸಾಲಿನ ಎಳೆ ಚಿಗುರಿಗೆ ಬಾಲ ಬಗ್ಗಿಸುತ್ತಿದೆ. ದೇವಯ್ಯ ಕೈ ಕಟ್ಟಿ ನಿಂತು ನೋಡುತ್ತಾರೆ. ಅದು ತನ್ನ ಕೆಲಸ ಮುಗಿಸಿ ಬೇಲಿ ದಾಟುವ ತನಕ ನೋಡುತ್ತಾರೆ.

ಮಾರನೆಯ ದಿನ ಕೋಳಿ ಕೂಗುವ ಮೊದಲೇ ಅವರು ಮನೆ ಬಿಡುತ್ತಾರೆ. ಇಷ್ಟು ಬೇಗ ಯಾಕೆ ಎಂದು ಸಣ್ಣಕ್ಕ ಕೇಳಿದರೆ, ಒಲೆಯಿಂದ ಬೂದಿ ತೋಡಿ ಕುಡಿಕೆಗೆ ತುಂಬಿಕೊಳ್ಳುತ್ತಾ ಹೇಳುತ್ತಾರೆ:

"ಅಮ್ಮಾವ್ರು ಚಿಟ್ಟೆ ಓಡುಸ್ಬ್ಯಾಡ ಅಂದವ್ರೆ. ಹುಳ ಇಡೀಬ್ಯಾಡ ಅಂದಿಲ್ವಲ್ಲ."