ಕರಿಯಣ್ಣನ ಹೆಸರಿನಲ್ಲಿ ಬಂದ ಎದೆಬಡಿತ

ಕೋವಿಡ್ ಕಾಟ ಇಳಿದ ಮರುವರ್ಷ. ಶಿರಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನಾಗ ಹಿರಿಯ ನರ್ಸ್. ಹೃದಯಾಘಾತದಿಂದ ಚೇತರಿಸಿಕೊಂಡು ಮನೆಗೆ ಹೋಗುವವರ ಎದೆಗೆ ಸೆನ್ಸರ್ ಪಟ್ಟಿಯೊಂದನ್ನು ಅಂಟಿಸಿ ಕಳಿಸುತ್ತಿದ್ದೆವು. ಪಟ್ಟಿಯು ಎದೆಬಡಿತವನ್ನು ವೈರ್ ಇಲ್ಲದೆ ಹತ್ತಿರದ ಮೊಬೈಲಿಗೂ, ಮೊಬೈಲು ಅದನ್ನು ನಮ್ಮ ಪರದೆಗೂ ಮುಟ್ಟಿಸಬೇಕು.

ಮುಟ್ಟಿದರೆ ನಮ್ಮ ಪುಣ್ಯ. ಒಬ್ಬರು ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಇನ್ನೊಬ್ಬರ ಡೇಟಾ ಮೊಮ್ಮಕ್ಕಳ ಕ್ರಿಕೆಟ್ಟಿಗೆ ಖಾಲಿ. ತಾವರೆಕೆರೆ ಕಡೆಯ ಕುರಿಗಾರ ಕರಿಯಣ್ಣನಂತೂ ಸ್ನಾನಕ್ಕೆ ಕಿತ್ತಿಟ್ಟ ಪಟ್ಟಿಯನ್ನು ಮತ್ತೆ ಅಂಟಿಸುತ್ತಲೇ ಇರಲಿಲ್ಲ. ಪರದೆಯಲ್ಲಿ ಬಡಿತದ ಗೆರೆ ಸಪಾಟಾದಾಗೆಲ್ಲ ಗಾಬರಿಯಿಂದ ಫೋನು ಮಾಡುವುದು, "ಗಟ್ಯಾಗಿವ್ನಿ ಕಣಮ್ಮ" ಎಂದು ಅನ್ನಿಸಿಕೊಳ್ಳುವುದು. ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಅವನ ಹೆಸರಿನೆದುರು ಬಡಿತ ವಿಪರೀತ ನಿಧಾನವಾಗಿತ್ತು, ನಡುನಡುವೆ ನಿಂತು ನಿಂತು ಬರುತ್ತಿತ್ತು. ಆಂಬುಲೆನ್ಸಿಗೆ ಹೇಳಿ ಫೋನು ಮಾಡಿದೆ. ಎತ್ತಿದವನು ಕರಿಯಣ್ಣನೇ.

"ಮೊದ್ಲು ಮಲ್ಕೋ ಕರಿಯಣ್ಣ! ಉಸಿರು ಕಟ್ತಿದ್ಯಾ?"

"ಇಲ್ವಲ್ಲ. ಈಗ್ತಾನೆ ಮುದ್ದೆ ಉಂಡೆ."

"ಪಟ್ಟಿ ಎದೆ ಮೇಲಿದೆಯಾ?"

"ಐತೆ. ನನ್ನೆದೆ ಮ್ಯಾಲಲ್ಲ, ನಮ್ಮ ರಂಗಿ ಎದೆ ಮ್ಯಾಲೆ."

ಹೆಂಡತಿ ರಂಗಮ್ಮನಿಗೆ ಕೆಲವು ದಿನಗಳಿಂದ ತಲೆಸುತ್ತು. ಆಸ್ಪತ್ರೆಗೆ ಕರೆದರೆ ಬರುತ್ತಿರಲಿಲ್ಲ. "ಹೆಂಗೂ ನೀವು ಅಲ್ಲಿಂದ್ಲೇ ನೋಡ್ತೀರಲ್ಲ, ಅದ್ಕೇ ಅಂಟಿಸ್ಬುಟ್ಟೆ" ಎಂದ.

"ಅದೇನು ಹಂಚ್ಕೊಂಡು ತಿನ್ನೋ ಕಡ್ಲೆಪುರಿಯಾ?" ಎಂದು ಬೈಯುತ್ತಿದ್ದವಳು ಮತ್ತೆ ಪರದೆಯತ್ತ ತಿರುಗಿದೆ. ಹಾಗಾದರೆ ಆ ಬಡಿತ ಅವಳದ್ದು.

ಆಂಬುಲೆನ್ಸ್ ಹೋದರೆ ರಂಗಮ್ಮ, "ನಂಗೇನಾಗೈತೆ? ಮರಿಗಳ್ನ ಯಾರು ನೋಡ್ಕಂತಾರೆ?" ಎಂದು ಜಗಳಕ್ಕೇ ನಿಂತಳಂತೆ. ಜಗಳ ಮುಗಿಯುವ ಮೊದಲೇ ಅಂಗಳದಲ್ಲಿ ಕುಸಿದುಬಿದ್ದಳು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಕೇತ ಸರಿಯಾಗಿ ಇಳಿಯದ ಹಾರ್ಟ್ ಬ್ಲಾಕ್ ಅದು. ತಾತ್ಕಾಲಿಕ ಚಿಕಿತ್ಸೆ ಕೊಟ್ಟು ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಪೇಸ್‌ಮೇಕರ್ ಅಳವಡಿಸಿದರು. ಬದುಕಿದಳು.

ಮರುತಪಾಸಣೆಗೆ ಇಬ್ಬರೂ ಬಂದಾಗ, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಹಾಕಿಕೊಳ್ಳಬಾರದೆಂದು ಕರಿಯಣ್ಣನಿಗೆ ಮತ್ತೆ ಮೊದಲಿನಿಂದ ವಿವರಿಸಿದೆ. ತಾಳ್ಮೆಯಿಂದ ಕೇಳಿದ.

"ಆಯ್ತಮ್ಮ. ಆದ್ರೆ ಅವತ್ತು ನಿಮ್ಮ ಮಾತು ಕೇಳಿದ್ದಿದ್ರೆ ಇವ್ಳು ಇರ್ತಿದ್ಲಾ?"

ನನಗೆ ಸಿಟ್ಟು ಇನ್ನಷ್ಟು ಬಂತು. ಅವನ ಉಪಾಯವನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಆಮೇಲೆ ರೋಗಿಯನ್ನು ಮನೆಗೆ ಕಳಿಸುವಾಗ, ಔಷಧದ ಚೀಲ ಹಿಡಿದು ಪಕ್ಕದಲ್ಲಿ ನಿಂತವರನ್ನೂ ಕೂರಿಸಿ ಆರೋಗ್ಯ ವಿಚಾರಿಸುವುದು ರೂಢಿಯಾಯಿತು. "ನಂಗೇನಾಗೈತೆ ಸಿಸ್ಟ್ರಮ್ಮ?" ಅನ್ನುತ್ತಾರೆ. ಆ ಮಾತು ಕಿವಿಗೆ ಹಾಕಿಕೊಳ್ಳದೆ ಕೈ ಹಿಡಿದು ನಾಡಿ ನೋಡುತ್ತೇನೆ.