ಯಂತ್ರಗಳ ಸ್ನೇಹಿತ

ನಾಳೆ ಲೋಕವನ್ನು ಆಳುವುದು ಯಂತ್ರಗಳೇ ಎಂದು ವಿಜ್ಞಾನ ಕಾದಂಬರಿಗಳನ್ನು ಓದಿ ಓದಿ ನಂಬಿಕೊಂಡಿರುವ ನಮ್ಮ ಬೀದಿಯ ಟೈಲರ್, ಈಗಿನಿಂದಲೇ ಅವುಗಳ ಸ್ನೇಹ ಕಾಪಾಡಿಕೊಂಡಿದ್ದಾರೆ. ಲಿಫ್ಟಿನಿಂದ ಇಳಿಯುವಾಗ "ಬರ್ತೀನಿ, ಉಪಕಾರ ಆಯ್ತು" ಅನ್ನುತ್ತಾರೆ, ಹೊಲಿಗೆ ಯಂತ್ರದ ದಾರ ಪದೇ ಪದೇ ತುಂಡಾದರೆ ಬೈಯದೆ, "ಸುಸ್ತಾಯ್ತಾ? ಸ್ವಲ್ಪ ಸುಧಾರಿಸ್ಕೊಳ್ಳಿ" ಎಂದು ತಾವೂ ಚಹಾಕ್ಕೆ ಏಳುತ್ತಾರೆ. "ನನ್ನ ಹತ್ರ ಒಂದು ದಿನಾನಾದ್ರೂ ಇಷ್ಟು ನಯವಾಗಿ ಮಾತಾಡಿದೀರಾ?" ಎಂದು ಹೆಂಡತಿ ಛೇಡಿಸಿದರೆ, "ನಾಳೆ ಪಟ್ಟಕ್ಕೆ ಬರೋದು ನೀನಲ್ಲ ಕಣೇ" ಎಂಬ ಉತ್ತರ ಸಿದ್ಧ. ಆಸ್ಪತ್ರೆಯಲ್ಲಿ ಅವಳ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರದ ಎದುರು ಮಾತ್ರ ಆ ತಮಾಷೆ ಇರುವುದಿಲ್ಲ. ಅದರ ಮೇಲೆ ಕೈಯಿಟ್ಟು, "ಇವಳನ್ನ ಜೋಪಾನ ಮಾಡಿ" ಎಂದು ಮೆಲ್ಲಗೆ ಹೇಳಿ ಹೊರಗೆ ಹೋಗಿ ಕೂರುತ್ತಾರೆ. ಮೊನ್ನೆ ಹಾಗೆ ಹೇಳುವುದನ್ನು ಮರೆತು ಬಾಗಿಲವರೆಗೆ ಹೋಗಿಬಿಟ್ಟಿದ್ದರು. ಮಲಗಿದ್ದಲ್ಲಿಂದಲೇ ಅವಳು ಕರೆದಳು: "ರೀ, ಇವತ್ತು ಇದಕ್ಕೆ ಹೇಳಲೇ ಇಲ್ವಲ್ಲ."